ಬೆರಳು ಹೊರಗೆ, ಅಂಗೈ ಬೆಚ್ಚಗೆ: ಎರಡು ಕಡ್ಡಿಯಲ್ಲಿ ಕೈಗವಸು

ಬೆಂಗಳೂರಿನ ಚಳಿ ಇಡೀ ದಿನದ್ದಲ್ಲ. ಬೆಳಿಗ್ಗೆ ಆರಕ್ಕೆ ಬೆರಳು ಮರಗಟ್ಟಿದ ಹಾಗಾಗುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು, ಊರಿನ ದಾಖಲೆ ಇವತ್ತಿಗೂ ಅದೇ. ಇಂಥ ಚಳಿಗೆ ಬೆರಳೆಲ್ಲ ಮುಚ್ಚುವ ದಪ್ಪ ಕೈಗವಸು ಜಾಸ್ತಿಯೇ ಆಯಿತು. ಹಾಲಿನ ಬೂತಿನಲ್ಲಿ ಚಿಲ್ಲರೆ ಎಣಿಸಬೇಕು, ಫೋನ್ ತೆಗೆದು ಸ್ಕ್ಯಾನ್ ಮಾಡಬೇಕು, ಧನುರ್ಮಾಸದ ಪೂಜೆಗೆ ಹೊರಟವರು ಹೂವು ಬಿಡಿಸಬೇಕು. ಅದಕ್ಕೆಲ್ಲ ಬೆರಳು ಹೊರಗಿರಬೇಕು, ಅಲ್ವಾ? ಮಣಿಕಟ್ಟು ಮತ್ತು ಅಂಗೈ ಬೆಚ್ಚಗಿದ್ದರೆ ಸಾಕು. ಆಫೀಸಿನ ಎಸಿ ಕೆಳಗೆ ಕೂತು ಕೀಬೋರ್ಡ್ ಒತ್ತುವವರಿಗಂತೂ ಇದು ವರ್ಷವಿಡೀ ಕೆಲಸಕ್ಕೆ ಬರುತ್ತದೆ.

ಹೊಸದಾಗಿ ಹೆಣಿಗೆ ಕಲಿಯುವವರು ನೇರವಾಗಿ ಸ್ವೆಟರ್‌ಗೆ ಕೈ ಹಾಕುತ್ತಾರೆ. ಬೆನ್ನಿನ ಭಾಗ ಮುಗಿಯುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ, ಕಡ್ಡಿ ಸಮೇತ ಅದು ಅಟ್ಟ ಸೇರುತ್ತದೆ. ಬೆರಳಿಲ್ಲದ ಕೈಗವಸಿಗೆ ಆ ಗತಿ ಬರುವುದಿಲ್ಲ. ಇಲ್ಲಿ ಹೇಳುವ ಬಗೆ ಇನ್ನೂ ಸುಲಭ. ಕೈಗೊಂದರಂತೆ ಎರಡು ಆಯತಾಕಾರದ ತುಂಡು ಹೆಣೆದು, ಹೆಬ್ಬೆರಳಿಗೆ ಜಾಗ ಬಿಟ್ಟು, ಪ್ರತಿ ತುಂಡಿನ ಪಕ್ಕ ಹೊಲಿದರೆ ಆಯಿತು. ಎಡಗೈ, ಬಲಗೈ ಎಂಬ ಭೇದವೂ ಇಲ್ಲ.

ಅಂಗಡಿಯಲ್ಲಿ

ಗಾಂಧಿ ಬಜಾರ್, ಮಲ್ಲೇಶ್ವರ, ಚಿಕ್ಕಪೇಟೆ ಕಡೆಯ ಗುಂಡಿ, ಲೇಸು, ಫಾಲ್ಸ್ ಮಾರುವ ಅಂಗಡಿಗಳಲ್ಲಿ ಉಲ್ಲನ್ ಉಂಡೆ ಕೇಳಿ ನೋಡಿ. ಮಧ್ಯಮ ದಪ್ಪದ ದಾರ ಬೇಕು. ಲೇಬಲ್ ಮೇಲೆ 4 ಮಿ.ಮೀ. ಕಡ್ಡಿಯ ಗುರುತು ಇದ್ದರೆ ಸರಿ. ಒಂದು ಜೊತೆಗೆ 50 ಗ್ರಾಂ ಸಾಕಾಗುತ್ತದೆ. ನಮ್ಮಲ್ಲಿ ಜಾಸ್ತಿ ಸಿಗುವುದು ಅಕ್ರಿಲಿಕ್. ಅದು ಉಣ್ಣೆಯಲ್ಲ, ಆದರೂ ಎಲ್ಲರೂ ಉಲ್ಲನ್ ಎಂದೇ ಕರೆಯುತ್ತಾರೆ. ಬೆಂಗಳೂರಿನ ಚಳಿಗೆ ಅದೇ ಸಾಕು, ಒಗೆಯುವುದಕ್ಕೂ ಸುಲಭ. ಅಪ್ಪಟ ಉಣ್ಣೆ ಬೇಕೆಂದು ಹಟ ಹಿಡಿದು ಕಂಬಳಿ ನೇಯುವ ನಮ್ಮ ನಾಡ ಕುರಿಯ ಉಣ್ಣೆ ತಂದೀರಿ ಮತ್ತೆ! ಚಳ್ಳಕೆರೆ ಕಡೆಯ ಕಂಬಳಿ ಹೊದೆಯಲು ಚೆನ್ನ, ಆದರೆ ಆ ಒರಟು ಉಣ್ಣೆ ಮಣಿಕಟ್ಟಿಗೆ ಚುಚ್ಚುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಕಲಿಯುವವರಿಗೆ ಕಪ್ಪು ಬೇಡ, ರಾತ್ರಿ ದೀಪದಲ್ಲಿ ಕುಣಿಕೆ ಕಾಣುವುದಿಲ್ಲ. ಬಿಳಿಯೂ ಬೇಡ, ನಮ್ಮ ರಸ್ತೆಗಳ ಧೂಳಿಗೆ ಎರಡೇ ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಾಸಿವೆ ಬಣ್ಣ, ಇಟ್ಟಿಗೆ ಕೆಂಪು, ನವಿಲು ನೀಲಿ ಇಂಥವು ಚೆನ್ನ.

ಕಡ್ಡಿ ಕೊಳ್ಳುವಾಗ ಸ್ವಲ್ಪ ಹುಷಾರಾಗಿರಬೇಕು. ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರ್ ನಡೆಯುತ್ತದೆ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿ.ಮೀ., 10ನೇ ನಂಬರ್ ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತದ್ವಿರುದ್ಧ, ಅಲ್ಲಿ 8 ಅಂದರೆ 5 ಮಿ.ಮೀ. ಯೂಟ್ಯೂಬ್‌ನಲ್ಲಿ ಯಾರೋ 8ನೇ ನಂಬರ್ ಎಂದರು ಅಂತ ಅದನ್ನೇ ಕೇಳಿದರೆ ಅಳತೆ ಕೆಟ್ಟಿತು. ಆದ್ದರಿಂದ ಮಿಲಿಮೀಟರಿನಲ್ಲೇ ಕೇಳಿ. ನಮಗೆ 4 ಮಿ.ಮೀ. ಒಂದು ಜೊತೆ, 3.25 ಮಿ.ಮೀ. ಒಂದು ಜೊತೆ ಬೇಕು. ಜೊತೆಗೆ ಉಲ್ಲನ್ ಪೋಣಿಸುವ ಮೊಂಡು ತುದಿಯ ದಪ್ಪ ಸೂಜಿ, ಟೇಪು, ಕತ್ತರಿ.

ಮೊದಲು ಕೈ ಅಳೆಯಿರಿ

ಇಂಟರ್ನೆಟ್ಟಿನಲ್ಲಿ ಸಿಗುವ ಮಾದರಿಗಳಲ್ಲಿ ಇಷ್ಟು ಕುಣಿಕೆ ಹಾಕಿ ಎಂದು ಬರೆದಿರುತ್ತದೆ. ಅದು ಬರೆದವರ ಕೈಗೆ, ಅವರ ದಾರಕ್ಕೆ ಸರಿ. ಕೆಲವರ ಹೆಣಿಗೆ ಬಿಗಿ, ಕೆಲವರದು ಸಡಿಲ. ಒಂದೇ ಉಂಡೆ, ಒಂದೇ ಕಡ್ಡಿ ಕೊಟ್ಟರೂ ಅತ್ತೆ ಹೆಣೆದದ್ದು, ಸೊಸೆ ಹೆಣೆದದ್ದು ಒಂದೇ ಅಳತೆಗೆ ಬರುವುದಿಲ್ಲ. ಹಾಗಾಗಿ ಲೆಕ್ಕ ನೀವೇ ಹಾಕಿಕೊಳ್ಳಿ, ಐದು ನಿಮಿಷದ ಕೆಲಸ.

ಮೊದಲಿಗೆ ಅಳತೆ ತುಂಡು. 4 ಮಿ.ಮೀ. ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೀಗೆ ಸುಮಾರು 12 ಸೆಂ.ಮೀ. ಎತ್ತರ ಹೆಣೆಯಿರಿ. ವಿಡಿಯೋಗಳಲ್ಲಿ ನಿಟ್, ಪರ್ಲ್ ಅನ್ನುವುದು ಇವಕ್ಕೇ. ಕುಣಿಕೆ ಹಾಕುವ ಬಗೆ, ಸೀದಾ ಉಲ್ಟಾ ವ್ಯತ್ಯಾಸ ಮುಂದೆ ಹೇಳಿದೆ. ತುಂಡನ್ನು ಮೇಜಿನ ಮೇಲೆ ಎಳೆಯದೆ ಹರಡಿ. ಅಂಚು ಬಿಟ್ಟು ಮಧ್ಯದಲ್ಲಿ ಟೇಪು ಇಟ್ಟು 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತು ಎಣಿಸಿ. ಈ ದಾರಕ್ಕೆ ಸಾಮಾನ್ಯವಾಗಿ 22 ಬರುತ್ತದೆ.

ಈಗ ಅಂಗೈ ಸುತ್ತಳತೆ. ಹೆಬ್ಬೆರಳು ಬಿಟ್ಟು, ಬೆರಳುಗಳ ಬುಡದ ಗೆಣ್ಣಿನ ಹತ್ತಿರ ಟೇಪು ಸುತ್ತಿ. 18 ಸೆಂ.ಮೀ. ಬಂತು ಅಂದುಕೊಳ್ಳೋಣ. ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, ಏಕೆಂದರೆ ಹೆಣಿಗೆ ಹಿಗ್ಗುತ್ತದೆ. ಕೈಯಷ್ಟೇ ಅಳತೆಗೆ ಹೆಣೆದರೆ ವಾರದಲ್ಲಿ ಜೋಲುತ್ತದೆ. ಉಳಿದದ್ದು 16.2. ಸೆಂಟಿಮೀಟರಿಗೆ 2.2 ಕುಣಿಕೆಯಂತೆ ಗುಣಿಸಿದರೆ 35.6, ಅಂದರೆ 36. ಪಕ್ಕ ಹೊಲಿಯುವಾಗ ಎರಡು ಕುಣಿಕೆ ಒಳಗೆ ಹೋಗುತ್ತವೆ, ಅದನ್ನೂ ಸೇರಿಸಿದರೆ 38. ಈ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 2 ಉಳಿಯಬೇಕು, ಇಲ್ಲದಿದ್ದರೆ ರಿಬ್, ಅಂದರೆ ಮಣಿಕಟ್ಟಿನ ಹಿಗ್ಗಿ ಕುಗ್ಗುವ ಪಟ್ಟಿ, ಕೂಡುವುದಿಲ್ಲ. ನಿಮ್ಮ ಲೆಕ್ಕ 37 ಅಥವಾ 39 ಬಂದರೂ 38 ಹಾಕಿ. ಇದೇ ದಾರದಲ್ಲಿ 21 ಸೆಂ.ಮೀ. ಸುತ್ತಳತೆಯ ಗಂಡಸರ ಕೈಗೆ ಲೆಕ್ಕ 44 ಬರುತ್ತದೆ, ರಿಬ್ ಕೂಡಲು 42 ಹಾಕಿ. 15 ಸೆಂ.ಮೀ.ಯ ಮಕ್ಕಳ ಕೈಗೆ ಲೆಕ್ಕ 32 ಬರುತ್ತದೆ, ರಿಬ್ ಕೂಡಲು 30 ಹಾಕಿ, ಆದರೆ ಮುಂದಿನ ವರ್ಷಕ್ಕೂ ಆಗಲಿ ಅಂತಿದ್ದರೆ 34 ಹಾಕಿ.

ಕುಣಿಕೆ ಹಾಕುವುದು

ದಾರದ ತುದಿಯಿಂದ ಸುಮಾರು 90 ಸೆಂ.ಮೀ. ಬಿಟ್ಟು ಜಾರುಗಂಟು ಹಾಕಿ, 4 ಮಿ.ಮೀ. ಕಡ್ಡಿಗೆ ಏರಿಸಿ. ಎಡಗೈಯಲ್ಲಿ ತುದಿಯ ದಾರ ಹೆಬ್ಬೆರಳ ಮೇಲೆ, ಉಂಡೆಯ ದಾರ ತೋರುಬೆರಳ ಮೇಲೆ ಬರಲಿ. ಹೆಬ್ಬೆರಳ ಮುಂದಿನ ಎಳೆಯ ಕೆಳಗಿನಿಂದ ಕಡ್ಡಿ ತೂರಿಸಿ, ತೋರುಬೆರಳ ಎಳೆಯನ್ನು ಕೊಕ್ಕೆಯಂತೆ ಹಿಡಿದು ಹೆಬ್ಬೆರಳ ಕುಣಿಕೆಯೊಳಗಿಂದ ಹೊರತನ್ನಿ. ಹೆಬ್ಬೆರಳು ಬಿಡಿಸಿ ಮೆಲ್ಲಗೆ ಎಳೆಯಿರಿ. ಜಾರುಗಂಟೂ ಸೇರಿ 38. ಬಿಗಿಯಾಗಿ ಎಳೆದರೆ ಅಂಚು ಹಿಗ್ಗುವುದಿಲ್ಲ, ಆಮೇಲೆ ಕೈಯೇ ತೂರುವುದಿಲ್ಲ. ಕುಣಿಕೆಗಳು ಕಡ್ಡಿಯ ಮೇಲೆ ಸಲೀಸಾಗಿ ಜರುಗುವಂತಿರಬೇಕು. ಉಳಿದ ತುದಿಯನ್ನು ಕತ್ತರಿಸಬೇಡಿ, ಪಕ್ಕ ಹೊಲಿಯಲು ಬೇಕು.

ಮಣಿಕಟ್ಟಿನ ರಿಬ್

ಕೈಗವಸಿನ ಜೀವ ಇರುವುದೇ ಇಲ್ಲಿ. ಗಾಡಿಯಲ್ಲಿ ಹೋಗುವಾಗ ಗಾಳಿ ನುಗ್ಗುವುದು ತೋಳಿನ ತುದಿಯಿಂದ. ರಿಬ್ ಮಣಿಕಟ್ಟನ್ನು ಕಚ್ಚಿ ಹಿಡಿದರೆ ಅರ್ಧ ಚಳಿ ಹೋದಂತೆ. ಸೀದಾ ಕುಣಿಕೆಗಳ ಪಟ್ಟಿ ಮುಂದೆ ಉಬ್ಬುತ್ತದೆ, ಉಲ್ಟಾ ಪಟ್ಟಿ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಬಟ್ಟೆ ಮಡಿಕೆ ಮಡಿಕೆಯಾಗಿ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ.

ಈಗ 3.25 ಮಿ.ಮೀ. ಕಡ್ಡಿಗೆ ಬದಲಾಯಿಸಿ. ಮೊದಲ ಸಾಲು: ಎರಡು ಸೀದಾ, ಎರಡು ಉಲ್ಟಾ, ಹೀಗೇ ಕೊನೆಯವರೆಗೆ. ಕೊನೆಯ ಎರಡು ಸೀದಾ ಬರುತ್ತವೆ. ತಿರುಗಿಸಿ. ಎರಡನೇ ಸಾಲು: ಎರಡು ಉಲ್ಟಾದಿಂದ ಶುರು, ಎರಡು ಸೀದಾ, ಎರಡು ಉಲ್ಟಾ. ಕೊನೆಗೆ ಎರಡು ಉಲ್ಟಾ. ಈ ಎರಡು ಸಾಲನ್ನೇ ಮತ್ತೆ ಮತ್ತೆ ಹೆಣೆದು 18 ಸಾಲು ಮುಗಿಸಿ. ಸುಮಾರು 6 ಸೆಂ.ಮೀ. ಆಗಿರುತ್ತದೆ.

ಎಡವಟ್ಟು ಆಗುವುದು ದಾರ ಹಿಂದೆ ಮುಂದೆ ಮಾಡುವ ಕಡೆ. ಸೀದಾಗೆ ದಾರ ಕಡ್ಡಿಯ ಹಿಂದೆ ಇರಬೇಕು, ಬಲಗಡ್ಡಿ ಕುಣಿಕೆಯ ಎಡಗಡೆಯಿಂದ ಹೊಕ್ಕು ಹಿಂದಕ್ಕೆ ಹೋಗಬೇಕು. ಉಲ್ಟಾಗೆ ದಾರ ಮುಂದೆ, ಕಡ್ಡಿ ಬಲಗಡೆಯಿಂದ ಹೊಕ್ಕು ತುದಿ ನಿಮ್ಮ ಕಡೆಗೆ ಬರಬೇಕು. ಎರಡು ಸೀದಾ ಆದ ಮೇಲೆ ದಾರವನ್ನು ಎರಡು ಕಡ್ಡಿಗಳ ನಡುವಿನ ಸಂದಿನಿಂದ ಮುಂದಕ್ಕೆ ತನ್ನಿ. ಕಡ್ಡಿಯ ಮೇಲಿಂದ ಸುತ್ತಿ ತಂದರೆ ಅಲ್ಲೊಂದು ಹೊಸ ಕುಣಿಕೆ ಹುಟ್ಟಿಕೊಳ್ಳುತ್ತದೆ, ಅದರ ಕೆಳಗೆ ತೂತು ಬೀಳುತ್ತದೆ. 38 ಇದ್ದದ್ದು ಸುಮ್ನೆ 41 ಆಗುವುದು ಹೀಗೇ. ನಾಲ್ಕೈದು ಸಾಲಿಗೊಮ್ಮೆ ಎಣಿಸಿ.

ಟೀವಿ ನೋಡುತ್ತಾ ಎಲ್ಲಿದ್ದೇನೆಂದು ಮರೆತರೆ ಗಾಬರಿ ಬೇಡ, ಕಡ್ಡಿಯ ಮೇಲಿನ ಕುಣಿಕೆಯ ಕತ್ತು ನೋಡಿ. ನಿಮ್ಮ ಕಡೆಗೆ ವಿ ಆಕಾರ ಕಂಡರೆ ಅದನ್ನು ಸೀದಾ ಹೆಣೆಯಿರಿ. ಅಡ್ಡಲಾಗಿ ಗಂಟಿನಂತೆ ಕಂಡರೆ ಉಲ್ಟಾ. ಕುಣಿಕೆಯನ್ನು ಹೀಗೆ ಓದಲು ಬಂದರೆ ಪುಸ್ತಕ ನೋಡಿಕೊಂಡು ಎಣಿಸುವ ಕಷ್ಟವೇ ಇಲ್ಲ.

ಅಂಗೈ ಭಾಗ

ಮತ್ತೆ 4 ಮಿ.ಮೀ. ಕಡ್ಡಿ. ಒಂದು ಸಾಲು ಪೂರ್ತಿ ಸೀದಾ, ಒಂದು ಸಾಲು ಪೂರ್ತಿ ಉಲ್ಟಾ, 24 ಸಾಲು. ಅಂಚು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಈ ಹೆಣಿಗೆಯ ಸ್ವಭಾವ, ಹೊಲಿದ ಮೇಲೆ ಸರಿಹೋಗುತ್ತದೆ.

ಬಣ್ಣದ ಪಟ್ಟೆ ಬೇಕೆನಿಸಿದರೆ ಇಲ್ಲಿ ಸೇರಿಸಬಹುದು. ಮೊದಲ ಜೊತೆಗೆ ಬೇಡ ಅನ್ನುತ್ತೇನೆ. ಪ್ರತಿ ಪಟ್ಟೆಗೂ ಎರಡು ತುದಿ, ಅಷ್ಟನ್ನೂ ಕೊನೆಗೆ ಕೂತು ಒಳಗೆ ತೂರಿಸಬೇಕು.

ಬೆರಳ ಅಂಚು ಮತ್ತು ಮುಚ್ಚುವುದು

3.25 ಕಡ್ಡಿಯಲ್ಲಿ ಮೊದಲಿನ ಹಾಗೇ ಎರಡು ಸೀದಾ, ಎರಡು ಉಲ್ಟಾ, 8 ಸಾಲು. ಈಗ ಒಟ್ಟು 50 ಸಾಲು, ಉದ್ದ ಸುಮಾರು 18 ಸೆಂ.ಮೀ. ಕುಣಿಕೆಗಳು ಬಿಚ್ಚಿಹೋಗದಂತೆ ಮುಚ್ಚುವಾಗ ಬಲಗೈಗೆ ದಪ್ಪ ಕಡ್ಡಿ ತೆಗೆದುಕೊಳ್ಳಿ. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ಎತ್ತಿ ಬೀಳಿಸಿ. ಇನ್ನೊಂದು ಹೆಣೆಯಿರಿ, ಮತ್ತೆ ಎತ್ತಿ ಬೀಳಿಸಿ. ಸೀದಾ ಇದ್ದಲ್ಲಿ ಸೀದಾ, ಉಲ್ಟಾ ಇದ್ದಲ್ಲಿ ಉಲ್ಟಾ ಹೆಣೆಯುತ್ತಲೇ ಮುಚ್ಚಬೇಕು. ಕೊನೆಯ ಕುಣಿಕೆಯಲ್ಲಿ ಎರಡು ಗೇಣು ದಾರ ಬಿಟ್ಟು ಕತ್ತರಿಸಿ, ಅದರೊಳಗೆ ಎಳೆದು ಬಿಗಿ ಮಾಡಿ.

ಇನ್ನೊಂದು ತುಂಡನ್ನು ಅವತ್ತೇ ಶುರು ಮಾಡಿ. ಒಂಟಿ ಕೈಗವಸು ಡ್ರಾಯರ್ ಸೇರಿದರೆ ಅದಕ್ಕೆ ಜೋಡಿ ಹುಟ್ಟುವುದು ಕಷ್ಟ. ಸಾಲು ಎಣಿಸಿ ಹೆಣೆಯಿರಿ, ಕಣ್ಣಂದಾಜು ಬೇಡ.

ಪಕ್ಕದ ಹೊಲಿಗೆ

ತುಂಡಿನ ಎರಡು ಉದ್ದದ ಅಂಚುಗಳನ್ನು ಅಕ್ಕಪಕ್ಕ ತನ್ನಿ, ಚಂದದ ಮುಖ ಮೇಲಿರಲಿ. ತುದಿಯ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯನ್ನು ಸ್ವಲ್ಪ ಅಗಲಿಸಿ ನೋಡಿದರೆ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ. ಬಿಟ್ಟಿದ್ದ ಉದ್ದ ತುದಿಯನ್ನು ಸೂಜಿಗೆ ಪೋಣಿಸಿ, ಈ ಕಡೆಯ ಎರಡು ಮೆಟ್ಟಿಲ ಕೆಳಗೆ, ಆಮೇಲೆ ಆ ಕಡೆಯ ಎರಡು ಮೆಟ್ಟಿಲ ಕೆಳಗೆ, ಹೀಗೆ ಮೇಲೇರುತ್ತಾ ಹೋಗಿ. ಎರಡು ಸೆಂಟಿಮೀಟರ್ ಆದ ಮೇಲೆ ದಾರವನ್ನು ಮೆಲ್ಲಗೆ ಎಳೆಯಿರಿ. ಎರಡೂ ಅಂಚು ಕೂಡಿಕೊಂಡು ಹೊಲಿಗೆ ಮಾಯ! ರಿಬ್ಬಿನ ಎರಡು ತುದಿಯಲ್ಲೂ ಎರಡೆರಡು ಸೀದಾ ಇದ್ದವಲ್ಲ, ಒಂದೊಂದು ಒಳಗೆ ಹೋಗಿ ಹೊರಗೆ ಎರಡೇ ಉಳಿಯುತ್ತವೆ, ಪಟ್ಟಿ ಎಲ್ಲೂ ತಪ್ಪುವುದಿಲ್ಲ. 38ರ ಲೆಕ್ಕ ಹಾಕಿದ್ದು ಇದಕ್ಕೂ ಹೌದು.

ಮಣಿಕಟ್ಟಿನಿಂದ 9.5 ಸೆಂ.ಮೀ. ಹೊಲಿದು ನಿಲ್ಲಿಸಿ. ಹೆಬ್ಬೆರಳಿಗೆ 4.5 ಸೆಂ.ಮೀ. ಬಿಡಿ. ಮೇಲಿನ 4 ಸೆಂ.ಮೀ.ಯನ್ನು ಮುಚ್ಚುವಾಗ ಉಳಿಸಿದ ದಾರದಿಂದ ಮೇಲಿನಿಂದ ಕೆಳಕ್ಕೆ ಹೊಲಿಯಿರಿ. ಗಂಟು ಹಾಕುವ ಮೊದಲು ಒಮ್ಮೆ ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ. ಹೆಬ್ಬೆರಳ ಸಂದಿಯಲ್ಲಿ ಎಳೆದಂತಾದರೆ ಒಂದೆರಡು ಹೊಲಿಗೆ ಬಿಚ್ಚಿ. ತೂತಿನ ಎರಡು ಮೂಲೆಗೂ ದಾರವನ್ನು ಎರಡು ಸುತ್ತು ಹಾಕಿ, ಬೇಗ ಬಿಡುವುದು ಅಲ್ಲೇ. ಕ್ರೋಶಾ ಬಲ್ಲವರು ತೂತಿನ ಸುತ್ತ ಒಂದು ಸಾಲು ಹಾಕಿದರೆ ಅಂಚು ಸುರುಳಿ ಸುತ್ತುವುದಿಲ್ಲ. ಉಳಿದ ತುದಿಗಳನ್ನು ಒಳಮುಖದಲ್ಲಿ ನಾಲ್ಕೈದು ಸೆಂ.ಮೀ. ತೂರಿಸಿ ಕತ್ತರಿಸಿ.

ಹೆಬ್ಬೆರಳಿಗೆ ಬೇರೆಯೇ ತೋಳು ಇರುವ ಬಗೆಯೂ ಇದೆ. ಅದಕ್ಕೆ ಎರಡೂ ಕಡೆ ಚೂಪಿರುವ ಕಡ್ಡಿಗಳಲ್ಲಿ ಸುತ್ತಲೂ ಹೆಣೆದು, ಅಂಗೈ ಅಗಲವಾಗುವ ಕಡೆ ಕುಣಿಕೆ ಹೆಚ್ಚಿಸುತ್ತಾ ಹೋಗಬೇಕು. ನೋಡಲು ಅಂದ, ಹೆಣೆಯಲು ರೇಜಿಗೆ. ಎರಡನೇ ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಬಳಸುವಾಗ, ಒಗೆಯುವಾಗ

ಸ್ಕೂಟರ್ ಓಡಿಸುವವರು ಗಮನಿಸಿ: ಉಲ್ಲನ್ ಅಂಗೈ ಹ್ಯಾಂಡಲ್ ಮೇಲೆ ಜಾರಬಹುದು, ಬಿದ್ದರೆ ಚರ್ಮವನ್ನೂ ಕಾಪಾಡುವುದಿಲ್ಲ. ಓಡಿಸಲು ರೈಡಿಂಗ್ ಗ್ಲೋವ್ಸೇ ಸರಿ. ಹಿಂದೆ ಕೂತವರಿಗೆ, ಲಾಲ್‌ಬಾಗಿನಲ್ಲಿ ವಾಕ್ ಹೋಗುವವರಿಗೆ ಇದು ಹೇಳಿ ಮಾಡಿಸಿದ್ದು.

ಅಕ್ರಿಲಿಕ್ ಆದರೆ ತಣ್ಣೀರಿನಲ್ಲಿ ಶಾಂಪೂ ಹಾಕಿ ಒಗೆದರೂ ಸಾಕು, ಇಸ್ತ್ರಿ ಮಾತ್ರ ತಾಗಿಸಬೇಡಿ. ಬಿಸಿಗೆ ನಾರು ಚಪ್ಪಟೆಯಾಗಿ, ರಿಬ್ ಮತ್ತೆ ಕುಗ್ಗುವುದೇ ಇಲ್ಲ. ಅಪ್ಪಟ ಉಣ್ಣೆಗೆ ಬಿಸಿನೀರು, ತಿಕ್ಕುವುದು ಎರಡೂ ಆಗದು, ಕುಗ್ಗಿ ಗಟ್ಟಿಯಾಗುತ್ತದೆ. ಯಾವುದೇ ಆದರೂ ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ಬಾಲ್ಕನಿಯ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ಮಕ್ಕಳ ಕೈಗವಸು ಅಪ್ಪನ ಅಳತೆಗೆ ಬಂದಿರುತ್ತದೆ.