ಬಾಗಿಲ ರಬ್ಬರ್ ಅಂಟುವುದು, ಬಿರುಕು ಬಿಡುವುದು ನಿಂತದ್ದು ಹೀಗೆ

ಕಾರಿನ ಬಾಗಿಲು ತೆಗೆದಾಗಲೆಲ್ಲ ರಬ್ಬರ್ ಬೀಡಿಂಗ್ (ಬಾಗಿಲ ಅಂಚಿನ ರಬ್ಬರ್ ಪಟ್ಟಿ) ಅಂಟಿಕೊಂಡು ಚರ್ರೆಂದು ಬಿಡುತ್ತಿತ್ತು. ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು, ಸವರಿದರೆ ಬೆರಳಿಗೆ ಕಪ್ಪು ಪುಡಿ.

ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಮೊದಲು ಹೊಳೆಯಿತು, ಆಮೇಲೆ ಉಬ್ಬಿ ಮೆತ್ತಗಾಯಿತು. ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್, ಅದು ಪೆಟ್ರೋಲಿಯಂ ಎಣ್ಣೆ ಹೀರಿ ಊದಿಕೊಳ್ಳುತ್ತದೆ. ಅಡುಗೆ ಎಣ್ಣೆ ಧೂಳು ಹಿಡಿದು ಜಿಗುಟಾಯಿತು.

ಫಲ ಕೊಟ್ಟಿದ್ದು ಶುದ್ಧ ಸಿಲಿಕೋನ್ ಗ್ರೀಸ್, ಆದರೆ ಅದಕ್ಕಿಂತ ಮುಖ್ಯ ಹಚ್ಚುವ ಕ್ರಮ. ಮೊದಲು ಸೌಮ್ಯ ಸೋಪು ನೀರಿನಲ್ಲಿ ಬಟ್ಟೆ ಅದ್ದಿ, ಬೀಡಿಂಗ್‌ನ ಮಡಿಕೆ ಬಿಡಿಸಿ ಒಳಗಿನ ಮಣ್ಣು ತೆಗೆಯಬೇಕು. ಹಳೇ ಎಣ್ಣೆ ಪೂರ್ತಿ ಹೋಗುವವರೆಗೆ ಎರಡು ಮೂರು ಸಲ. ನೆರಳಲ್ಲಿ ಪೂರ್ತಿ ಒಣಗಲಿ. ಒದ್ದೆ ರಬ್ಬರ್ ಮೇಲೆ ಗ್ರೀಸ್ ನಿಲ್ಲುವುದಿಲ್ಲ. ಒಂದು ಬಾಗಿಲಿಗೆ ಬಟಾಣಿ ಕಾಳಿನಷ್ಟು ಸಾಕು. ಬೆರಳಿನಿಂದ ತಿಕ್ಕಿ, ಬಾಗಿಲು ತೆರೆದಿಟ್ಟು ಒಂದು ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಒರೆಸಿ. ಪೇಂಟ್‌ಗೆ ತಾಗಿಸಬೇಡಿ, ಮುಂದೆ ಬಣ್ಣ ಹೊಡೆಸಿದರೆ ಅಲ್ಲಿ ಕೂರುವುದಿಲ್ಲ. 3-4 ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಆಗಲೇ ಬಿದ್ದ ಬಿರುಕು ಕೂಡುವುದಿಲ್ಲ, ಬೆಳೆಯುವುದು ಮಾತ್ರ ನಿಧಾನವಾಗುತ್ತದೆ. ಹರಿದ ಭಾಗವಿದ್ದರೆ ಬೀಡಿಂಗ್ ಬದಲಿಸಲೇಬೇಕು.

ಈ ಗ್ರೀಸನ್ನು ಟೈರಿಗೆ ಹಚ್ಚಲೇಬೇಡಿ: ನೆಲಕ್ಕೆ ತಾಗುವ ಭಾಗಕ್ಕೆ ಹರಡಿದರೆ ಗಾಡಿ ಜಾರುತ್ತದೆ.