ಅಪ್ಪನ ಗಾರ್ಡ್ ಹಾಳೆಗಳಿಗೆ ಮೈಲೇಜು ಹಿಡಿದು ತಾರೀಖು ಹಚ್ಚಿದೆ: ನನ್ನ ಅನುಭವ

ರೈಲ್ವೆ ಗಾರ್ಡ್ ಆಗಿದ್ದ ಅಪ್ಪ ಪ್ರತಿ ಟ್ರಿಪ್ಪಿನ ವಿವರ ಬರೆದಿಟ್ಟ ರಫ್ ಜರ್ನಲ್ ಹಾಳೆಗಳಲ್ಲಿ ತಾರೀಖಿನ ಜಾಗ ಹೋಗಿತ್ತು. ಅವನ್ನು ಪೇ ಸ್ಲಿಪ್ ಇಟ್ಟುಕೊಂಡು ಜೋಡಿಸಬಹುದು ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ರೈಲ್ವೆಯಲ್ಲಿ ದುಡಿದವರೇ ಬೇಡ ಅಂದರು. "ಅದು ಕೂಡೋ ಲೆಕ್ಕ ಅಲ್ಲ, ಸುಮ್ನೆ ಕಣ್ಣು ಹಾಳು ಮಾಡ್ಕೋಬೇಡ" ಅಂತ ಬುದ್ಧಿ ಹೇಳಿದರು. ಈಗ ನಾಲ್ಕರಲ್ಲಿ ಮೂರು ಪಾಲು ಹಾಳೆಗಳ ತಿಂಗಳು ಸಿಕ್ಕಿದೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹಾಳೆಗೆ ದಿನವೇ ಸಿಕ್ಕಿದೆ. ಇದೇ ಕೆಲಸ ಹಿಡಿದವರು ಇನ್ನೂ ಕೆಲವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ 1962ರಲ್ಲಿ ಟ್ರೈನ್ಸ್ ಕ್ಲರ್ಕ್ ಆಗಿ ಸೇರಿ, ಆಮೇಲೆ ಗಾರ್ಡ್ ಆಗಿ, 1995ರಲ್ಲಿ ರಿಟೈರ್ ಆದರು. ಹೆಡ್‌ಕ್ವಾರ್ಟರ್ಸ್ ಅರಸೀಕೆರೆ. ನೈಋತ್ಯ ರೈಲ್ವೆ ಬಂದಿದ್ದು 2003ರಲ್ಲಿ, ಅವರ ಕಾಲಕ್ಕೆ ಮೈಸೂರು ಡಿವಿಜನ್ ದಕ್ಷಿಣ ರೈಲ್ವೆಯಲ್ಲಿತ್ತು. ಅವರು ದುಡಿದದ್ದೆಲ್ಲ ಮೀಟರ್ ಗೇಜ್. ಟ್ರಂಕಿನಲ್ಲಿ ಸರ್ವಿಸ್ ಕಾಗದ, ಪಿ.ಪಿ.ಒ. (ಪಿಂಚಣಿ ಆದೇಶ), ಪಾಸಿನ ಅರ್ಧಗಳು, ಕಾಷನ್ ಆರ್ಡರ್‌ಗಳು (ಎಲ್ಲಿ ನಿಧಾನ ಹೋಗಬೇಕು ಅಂತ ಕೊಡೋ ಚೀಟಿ), ಪೇ ಸ್ಲಿಪ್ ಕಟ್ಟುಗಳು, ಮನೆ ಖರ್ಚಿನ ಚಿಕ್ಕ ಡೈರಿಗಳು ಇದ್ದವು. ಎಲ್ಲಕ್ಕಿಂತ ಕೆಳಗೆ ಎರಡು ಸಾವಿರದ ಹತ್ತಿರ ರಫ್ ಜರ್ನಲ್ ಹಾಳೆ. ಗೆದ್ದಲು ಟ್ರಂಕಿನ ಒಂದು ಮೂಲೆಯಿಂದ ನುಗ್ಗಿ ಕಟ್ಟಿನ ಬಲ ಮೇಲ್ತುದಿಯನ್ನೇ ತಿಂದಿತ್ತು. ತಾರೀಖು ಬರೆಯೋ ಜಾಗ ಅದೇ. ಉಳಿದದ್ದೆಲ್ಲ ಹಾಗೇ ಇತ್ತು: ಗಾಡಿ ನಂಬರು, ಇಂಜಿನ್ ನಂಬರು, ಡ್ರೈವರ್ ಹೆಸರು, ಲೋಡು, ಇಂಜಿನ್ನಿನಲ್ಲೂ ಗಾರ್ಡ್ ಕೂರುವ ಬ್ರೇಕ್ ವ್ಯಾನಿನಲ್ಲೂ ಬ್ರೇಕಿನ ವ್ಯಾಕ್ಯೂಮ್ ಎಷ್ಟು, ಪ್ರತಿ ಸ್ಟೇಷನ್ನಿನ ಟೈಮು.

ಮೊದಲು ಇಂಜಿನ್ ನಂಬರ್ ಹಿಡಿದು ಹೋದೆ. ತಿಂಗಳುಗಟ್ಟಲೆ ಪಟ್ಟಿ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ. ಒಂದೇ ವೈ.ಪಿ. ಉಗಿ ಇಂಜಿನ್ ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಓಡಿದ್ದರೆ ಅದು ಯಾವ ವರ್ಷ ಹೇಳುತ್ತೆ? ಡ್ರೈವರ್ ಹೆಸರೂ ಅಷ್ಟೇ. ವ್ಯಾಕ್ಯೂಮ್ ಸ್ವಲ್ಪ ಕೈಹಿಡಿಯಿತು. ಹಳೆ ಹಾಳೆಗಳಲ್ಲಿ 20 ಇಂಚಿನ ಹತ್ತಿರ ಬರೆದಿರುತ್ತೆ, ಆಮೇಲೆ ಸೆಂಟಿಮೀಟರ್‌ಗೆ ಬರುತ್ತೆ. ರಾಶಿ ಎರಡಾಯಿತು, ಅಷ್ಟೇ.

ದುಡ್ಡಿನ ದಾರಿ ಹಿಡಿದ ಮೇಲೆ ಕೆಲಸ ಸಾಗಿತು. ರನ್ನಿಂಗ್ ಸ್ಟಾಫ್ (ಗಾಡಿ ಜೊತೆ ಓಡುವ ಸಿಬ್ಬಂದಿ) ಮನೆಯವರಿಗೆ ಮೈಲೇಜು ಗೊತ್ತೇ ಇದೆ. ಓಡಿದ ಕಿಲೋಮೀಟರ್‌ಗೆ ತಕ್ಕ ದುಡ್ಡು ಪೇ ಸ್ಲಿಪ್ಪಿನಲ್ಲಿ ಬೇರೆ ಸಾಲಾಗಿ ಬರುತ್ತೆ. ಆ ಮೊತ್ತವನ್ನು ರೇಟಿನಿಂದ ಭಾಗಿಸಿದರೆ ಆ ತಿಂಗಳು ಅಪ್ಪ ಎಷ್ಟು ಓಡಿದರು ಅಂತ ಬರುತ್ತೆ. ಹಾಳೆಗಳಲ್ಲಿ ದಾರಿ ಇದೆ, ದಾರಿಗೆ ದೂರ ಇದೆ. ಕೂಡಿಸಿ ತಾಳೆ ಹಾಕಬೇಕು. ರೇಟನ್ನು ಅಪ್ಪ ಡೈರಿಯ ರಟ್ಟಿನ ಒಳಗಡೆ ಬರೆದಿಟ್ಟಿದ್ದರು, ಬದಲಾದಾಗಲೆಲ್ಲ ಹಳೆಯದನ್ನು ಹೊಡೆದು ಹೊಸದು.

ಹೇಳೋಕೆ ಸುಲಭ. ಮೊದಲ ವರ್ಷ ಒಂದು ತಿಂಗಳೂ ಕೂಡಲಿಲ್ಲ. ಮುಖ್ಯ ತೊಂದರೆ ಅರಸೀಕೆರೆಯದ್ದೇ. ಅಲ್ಲಿಂದ ಬೆಂಗಳೂರು 156 ಕಿ.ಮೀ., ಹಾಸನದ ಮೇಲೆ ಮೈಸೂರು 165ರ ಆಸುಪಾಸು. ಹತ್ತು ಕಿಲೋಮೀಟರ್ ಆಚೀಚೆ. ಮೂರು ಬೆಂಗಳೂರು ಟ್ರಿಪ್ ತೆಗೆದು ಮೂರು ಮೈಸೂರು ಹಾಕಿದರೂ ಮೊತ್ತ ಹೆಚ್ಚು ಕದಲಲ್ಲ. ಎಷ್ಟೋ ಬಗೆಯಲ್ಲಿ ಉತ್ತರ ಬರುತ್ತೆ, ಯಾವುದು ನಿಜ ಅಂತ ಗೊತ್ತಾಗಲ್ಲ.

ಲೆಕ್ಕ ಕೂಡದ ಗಂಟು ಬಿಡಿಸಿದ್ದು 1974ರ ಮುಷ್ಕರ. ಮೇ 8ರಿಂದ 27ರವರೆಗೆ ದೇಶದ ರೈಲ್ವೆ ನೌಕರರು ಕೆಲಸ ನಿಲ್ಲಿಸಿದ್ದರಲ್ಲ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದೆ ನಿಂತು ನಡೆಸಿದ್ದು. ಅಪ್ಪನೂ ಹೊರಗಿದ್ದರು. ಸರ್ವಿಸ್ ಬ್ರೇಕ್, ಅಂದರೆ ಸೇವೆಯ ಸರಣಿ ಕಡಿದಿದೆ, ಅಂತ ಬಂದ ಕಾಗದವನ್ನು ಅವರು ಕೊನೆವರೆಗೂ ನಾಲ್ಕು ಮಡಿಕೆ ಮಾಡಿ ಪಾಸ್‌ಪುಸ್ತಕದ ಜೊತೆ ಇಟ್ಟಿದ್ದರು. ಆ ಮೇ ತಿಂಗಳಲ್ಲಿ ಅವರು ಓಡಿದ್ದು ಮೊದಲ ವಾರ ಮಾತ್ರ. ಅಂದರೆ ಒಂದು ಪೇ ಸ್ಲಿಪ್ಪಿನಲ್ಲಿ ಮೈಲೇಜು ಪಾತಾಳಕ್ಕೆ ಇಳಿದಿರಬೇಕು. ಹುಡುಕಿದೆ. ಇಳಿದಿತ್ತು, ಆದರೆ ನಾನು ಕಾದಿದ್ದ ಸ್ಲಿಪ್ಪಿನಲ್ಲಲ್ಲ, ಅದರ ಮುಂದಿನದರಲ್ಲಿ! ಮೈಲೇಜು ಒಂದು ತಿಂಗಳು ತಡವಾಗಿ ಸೇರುತ್ತಿತ್ತು. ಎಲ್ಲಾ ಸ್ಲಿಪ್ಪುಗಳನ್ನೂ ಒಂದು ತಿಂಗಳು ಹಿಂದಕ್ಕೆ ಸರಿಸಿದೆ. ಆ ವಾರವೇ ಐದಾರು ತಿಂಗಳು ಕೂಡಿದವು. ಬೇಡ ಅಂದಿದ್ದ ಒಬ್ಬ ಹಿರಿಯ ಗಾರ್ಡ್ ಮನೆಗೆ ಬಂದು, ಪೆನ್ಸಿಲ್ ಹಿಡಿದು ತಾವೇ ಕೂಡಿ ನೋಡಿ ಒಪ್ಪಿದರು. ಅವತ್ತಿನ ಖುಷಿ ಈಗಲೂ ಇದೆ.

ಬೆಂಗಳೂರು–ಮೈಸೂರು ಗೊಂದಲಕ್ಕೆ ಮನೆ ಖರ್ಚಿನ ಡೈರಿ ಆಯಿತು. ಅಪ್ಪ ಮೈಸೂರಿಗೆ ಹೋದರೆ ಚಿಗುರೆಲೆ (ವೀಳ್ಯದೆಲೆ) ತರದೆ ಬರುತ್ತಿರಲಿಲ್ಲ. "ಎಲೆ 0.60" ಅಂತ ತಾರೀಖಿನ ಎದುರು ಇದ್ದರೆ ಹಿಂದಿನ ರಾತ್ರಿ ಮೈಸೂರು ರನ್ನಿಂಗ್ ರೂಮಿನಲ್ಲಿ (ಗಾಡಿ ಸಿಬ್ಬಂದಿ ತಂಗೋ ಜಾಗ) ಅಂತ ಅರ್ಥ. ದಿನದ ಮಟ್ಟಿಗೆ ಹಾಳೆ ಹಿಡಿದದ್ದು ಹೀಗೆ. ಇದರ ಜೊತೆ ಲೋಡಿನ ಸಾಲಿನಲ್ಲಿ ಇನ್ನೊಂದು ಗುರುತು ಸಿಗುತ್ತೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಪೂರ್ತಿ ಪರೀಕ್ಷೆ ಆಗಬೇಕು.

ಹಾಸನ–ಮಂಗಳೂರು ಲೈನ್ 1979ರಲ್ಲಿ ಮುಗಿದ ಮೇಲಿನ ಹಾಳೆಗಳು ಗುರುತಿಸೋಕೆ ಸಲೀಸು. ಸಕಲೇಶಪುರ, ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಸಿರಿವಾಗಿಲು, ಸುಬ್ರಹ್ಮಣ್ಯ ರೋಡ್. 50ಕ್ಕೆ 1ರ ಇಳಿಜಾರು, ವೈ.ಡಿ.ಎಂ.4 ಡೀಸೆಲ್ ಇಂಜಿನ್. ಮಳೆಗಾಲದ ಹಾಳೆಗಳನ್ನು ಓದುತ್ತಾ ಕೂತರೆ ಏಳೋಕೆ ಮನಸ್ಸಾಗಲ್ಲ. "ಮಣ್ಣು ಬಿದ್ದಿದೆ, ಗ್ಯಾಂಗ್ ಬಂತು, 3 ಗಂಟೆ 10 ನಿಮಿಷ" ಅಂತ ಒಂದೇ ಸಾಲು. ರಸ್ತೆಯೇ ಇಲ್ಲದ ಎಡಕುಮರಿಯಲ್ಲಿ ಗಾಡಿ ತುಂಬ ಜನ ಇಟ್ಟುಕೊಂಡು ನಿಂತವರು ಬರೆದದ್ದು ಅಷ್ಟೇ. ಅದಕ್ಕಿಂತ ಜಾಸ್ತಿ ಬರೆಯೋ ಅಭ್ಯಾಸ ಅವರಿಗಿರಲಿಲ್ಲ.

ಕಾಗದದ ಆರೈಕೆ ಬಗ್ಗೆ ಎರಡು ಮಾತು. ಅಪ್ಪ ಬರೆದದ್ದು ಬಹುಪಾಲು ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ. ಮಡಿಕೆ ಬಿಡಿಸೋಕೆ ಹಬೆಯ ಡಬ್ಬಿಯಲ್ಲಿ ಇಡೋ ಪದ್ಧತಿ ಇದಕ್ಕೆ ಆಗಲ್ಲ. ಅಕ್ಷರ ಇಲ್ಲದ ಮೂಲೆಯಲ್ಲಿ ಬರೀ ಒಂದು ಗೆರೆ ಇತ್ತು, ತೇವ ತಾಗಿದ ಕೂಡಲೇ ಅದು ನೇರಳೆಯಾಗಿ ಹರಡಿತು. ಅಲ್ಲಿಗೇ ನಿಲ್ಲಿಸಿ ಬ್ಲಾಟಿಂಗ್ ಪೇಪರ್ ನಡುವೆ ಒಣಗಿನಲ್ಲೇ ಭಾರ ಹೇರಿ ವಾರಗಟ್ಟಲೆ ಇಟ್ಟೆ. ನಿಧಾನ, ಆದರೆ ಒಂದಕ್ಷರ ಹೋಗಲಿಲ್ಲ. ಸ್ಕ್ಯಾನ್ ಮಾಡುವಾಗ ಬಣ್ಣದಲ್ಲೇ ತೆಗೆದು ಆಮೇಲೆ ಚಾನೆಲ್ ಬೇರೆ ಮಾಡಿ: ನೇರಳೆ ಪೆನ್ಸಿಲ್ಲಿಗೆ ಹಸಿರು ಚಾನೆಲ್, ನೀಲಿ ಇಂಕಿಗೆ ಕೆಂಪು. ಕಣ್ಣಿಗೆ ಕಾಣದ ಸಾಲುಗಳು ಎದ್ದು ಬರುತ್ತವೆ. ಹುಳಕ್ಕೆ ಬಜೆ ಬೇರು, ಬೇವಿನೆಲೆ, ನುಸಿಗುಳಿಗೆ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಒಂದು ಮಳೆಗಾಲ ಇಟ್ಟು ನೋಡಿದೆ. ಬಜೆ ಗೆದ್ದಿತು, ಬೇವಿನೆಲೆ ತಾನೇ ಬೂಸ್ಟು ಹಿಡಿಯಿತು. ಆದರೆ ನಂಬಬೇಕಾದದ್ದು ಫ್ರೀಜರ್. ಗಾಳಿಯಾಡದ ಚೀಲದಲ್ಲಿ ಎರಡು ಮೂರು ವಾರ. ಲ್ಯಾಮಿನೇಷನ್ ಹತ್ತಿರ ಹೋಗಲೇಬೇಡಿ. ನಮ್ಮ ಸಂಬಂಧಿಕರೊಬ್ಬರು ಪ್ರೀತಿಯಿಂದ ಅಪ್ಪನ ಒಂದು ಸರ್ವಿಸ್ ಕಾಗದವನ್ನು ಅಂಗಡಿಗೆ ಕೊಟ್ಟು ಮಾಡಿಸಿದರು, ಬಿಸಿಗೆ ಇಂಕು ಕಂದಿ ಹೋಯಿತು.

ಖರ್ಚು ಹೇಳಿಬಿಡುತ್ತೇನೆ. ಹಳೆ ಫ್ಲಾಟ್‌ಬೆಡ್ ಸ್ಕ್ಯಾನರ್ ನಾಲ್ಕು ಸಾವಿರ ಚಿಲ್ಲರೆ. ಆಸಿಡ್ ಇಲ್ಲದ ಪೇಪರು, ಫೋಲ್ಡರು, ಡಬ್ಬಿ ಎಲ್ಲಾ ಸೇರಿ ಹದಿನೈದು ಸಾವಿರದ ಹತ್ತಿರ, ಇದರಲ್ಲಿ ಚೌಕಾಸಿ ನಡೆಯಲ್ಲ. ಹಾರ್ಡ್ ಡಿಸ್ಕ್ ಎರಡು, ಒಂದು ತಂಗಿ ಮನೆಯಲ್ಲಿದೆ. ಒಟ್ಟು ಇಪ್ಪತ್ತೆಂಟು ಸಾವಿರ ದಾಟಿರಬಹುದು. ಹೊರಗೆ ಕೇಳಿದಾಗ ಒಬ್ಬರು ಬರೀ ಸ್ಕ್ಯಾನಿಗೇ ಹಾಳೆಗೆ ಹನ್ನೆರಡು ರೂಪಾಯಿ ಹೇಳಿದ್ದರು, ಜೋಡಿಸೋದು ನಮ್ಮ ತಲೆಗೆ. ಗುಜರಿಯವರು ಇಡೀ ಟ್ರಂಕಿಗೆ ನಾನೂರು ಕೊಡ್ತೀನಿ ಅಂದಿದ್ದರು.

ಉಳಿದ ಕಾಲು ಭಾಗ ಹೆಚ್ಚಾಗಿ ಗೂಡ್ಸ್ ಗಾಡಿಯ ಹಾಳೆ, ಪೇ ಸ್ಲಿಪ್ಪು ಕಳೆದುಹೋದ ವರ್ಷಗಳದ್ದು. ಅಲ್ಲಿ ಮೈಲೇಜು ನಡೆಯಲ್ಲ. ಆದರೆ ಅದು ಸಿಂಗಲ್ ಲೈನ್ ಕಾಲ. ಅಪ್ಪನ ಗಾಡಿ ಬಾಣಾವರದಲ್ಲಿ ಕ್ರಾಸಿಂಗಿಗೆ (ಎದುರು ಗಾಡಿಗೆ ದಾರಿ ಬಿಡೋಕೆ) ನಿಂತಿದ್ದರೆ, ಎದುರು ಗಾಡಿಯ ಗಾರ್ಡ್ ಕೂಡ ಅದೇ ಟೈಮು ತಮ್ಮ ಪುಸ್ತಕದಲ್ಲಿ ಬರೆದಿರಲೇಬೇಕಲ್ವಾ? ಬೀರೂರಿನ ಒಂದು ಮನೆಯಲ್ಲಿ ಅಂಥ ಪುಸ್ತಕಗಳು ತಾರೀಖು ಸಮೇತ ಇವೆ, ತೋರಿಸೋಕೆ ಒಪ್ಪಿದ್ದಾರೆ. ಅರಸೀಕೆರೆ, ಹರಿಹರ, ಶಿವಮೊಗ್ಗ ಕಡೆಯ ಬೇರೆ ಮನೆಗಳಲ್ಲಿ 1965ರಿಂದ 1972ರ ನಡುವಿನ ಹಾಳೆ ಇದ್ದರೆ ಅದನ್ನೂ ಇದರ ಜೊತೆ ತಾಳೆ ನೋಡಬಹುದು. ಮೂಲ ಹಾಳೆ ಕಳಿಸೋದು ಬೇಡ, ಕ್ರಾಸಿಂಗ್ ಸಾಲು ಕಾಣುವ ಹಾಗೆ ಫೋಟೋ ತೆಗೆದರೆ ಸಾಕು.