ನೂರು ರೂಪಾಯಿಯ ಬೆನ್ನು ಹತ್ತಿ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ನಾಲ್ಕು ರೂಮು, ಸುತ್ತ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸು. ಬಂದವರಿಗೆ ಅಕ್ಕಿ ರೊಟ್ಟಿ, ಕಡುಬು, ನಾಟಿ ಕೋಳಿ ಸಾರು, ಮಳೆಗಾಲದಲ್ಲಿ ಕಳಲೆ ಪಲ್ಯ. ಇಷ್ಟೆಲ್ಲ ಇದ್ದೂ ರೂಮಿನ ಕೆಟಲ್ ಪಕ್ಕ ಇಡುತ್ತಿದ್ದದ್ದು ಇನ್‌ಸ್ಟಂಟ್ ಕಾಫಿ ಸ್ಯಾಶೆ. ಕಿಟಕಿಯಾಚೆ ಕಾಫಿ ಗಿಡ, ಕಪ್ಪಿನಲ್ಲಿ ಕಂಪನಿ ಪುಡಿ. ನಮ್ಮ ಕಡೆ ಬೇಕಾದಷ್ಟು ಹೋಮ್‌ಸ್ಟೇಗಳಲ್ಲಿ ಈಗಲೂ ಹಾಗೇ.

ಇದಕ್ಕೊಂದು ಹಳೇ ಕಾರಣವೂ ಇದೆ ಅನ್ಸುತ್ತೆ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಎಲ್ಲರದನ್ನೂ ಒಟ್ಟು ಮಾಡಿ ಬೋರ್ಡೇ ಮಾರುತ್ತಿತ್ತು. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ತಾವೇ ಮಾರುವಂತಿರಲಿಲ್ಲ. 1990ರ ದಶಕದ ಶುರುವಿನಿಂದ ಇದು ಸಡಿಲವಾಗುತ್ತಾ ಬಂದು 1996ಕ್ಕೆ ಪೂರ್ತಿ ಬಿಡುಗಡೆ ಸಿಕ್ಕಿತು. ಹಾಗಾಗಿ ನಮ್ಮ ಮಾವನವರ ಕಾಲದವರಿಗೆ ಕಾಫಿ ಅಂದರೆ ಬೀಜದ ಸಿಪ್ಪೆ ತೆಗೆದು ವಿಂಗಡಿಸೋ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸೋ ಮೂಟೆ. ಹುರಿದು ಪುಡಿ ಮಾಡಿ ಮಾರೋದು ಬೇರೆಯವರ ಕೆಲಸ. ಕಾನೂನು ಹೋದರೂ ಅಭ್ಯಾಸ ಉಳಿಯಿತು.

ನಾನು ಲೆಕ್ಕ ಹಾಕಲು ಕೂತದ್ದು ಅರ್ಥಶಾಸ್ತ್ರ ಓದುತ್ತಿರುವ ನಮ್ಮಕ್ಕನ ಮಗಳ ದೆಸೆಯಿಂದ. "ಎಲ್ಲಾ ಲೋಕಲ್ ಅಂಗಡೀಲೇ ತಗೋತೀವಿ ಅಂತೀರಲ್ಲ ಚಿಕ್ಕಮ್ಮ, ಅದ್ರಲ್ಲಿ ಊರಲ್ಲಿ ಉಳಿಯೋದೆಷ್ಟು?" ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಬ್ರಿಟನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ನಿನವರು 2002ರಲ್ಲಿ ಇದಕ್ಕೇ ಒಂದು ಲೆಕ್ಕ ಹೇಳಿಕೊಟ್ಟಿದ್ದಾರಂತೆ, ಹೆಸರು ಲೋಕಲ್ ಮಲ್ಟಿಪ್ಲೈಯರ್ 3, ಚಿಕ್ಕದಾಗಿ ಎಲ್‌ಎಂ3. ದುಡ್ಡು ಮೂರು ಕೈ ದಾಟುವ ತನಕ ಅದರ ಬೆನ್ನು ಹತ್ತಬೇಕು, ಅಷ್ಟೇ.

ನಾನು 100 ರೂಪಾಯಿ ಖರ್ಚು ಮಾಡಿದೆ ಅನ್ನಿ. ಅದನ್ನು ತಗೊಂಡವರು 60 ರೂಪಾಯಿ ಊರಲ್ಲೇ ಖರ್ಚು ಮಾಡಿದರು. ಆ 60 ಯಾರ ಕೈಗೆ ಬಂತೋ ಅವರು 36 ರೂಪಾಯಿ ಮತ್ತೆ ಊರಲ್ಲೇ ಹಾಕಿದರು. ಕೂಡಿದರೆ 196. 100ರಿಂದ ಭಾಗಿಸಿದರೆ 1.96. ಊರಲ್ಲಿ ಏನೂ ಉಳಿಯದಿದ್ದರೆ 1, ಪೈಸೆಯೂ ಆಚೆ ಹೋಗದಿದ್ದರೆ 3. ಊರು ಅಂದರೆ ಎಲ್ಲಿವರೆಗೆ ಅನ್ನೋದನ್ನು ನಾವೇ ಗೆರೆ ಎಳೆದುಕೊಳ್ಳಬೇಕು. ನಾನು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಅಂತ ಇಟ್ಟುಕೊಂಡೆ. ನಮ್ಮ ಹಾಲಿನ ಒಕ್ಕೂಟವೇ ಹಾಸನದ್ದು ತಾನೇ? ಹಾಸನ, ಚಿಕ್ಕಮಗಳೂರು, ಕೊಡಗು ಮೂರಕ್ಕೂ ಅದೊಂದೇ.

ಒಂದು ತಿಂಗಳ ಬಿಲ್ಲುಗಳನ್ನೆಲ್ಲ ಊಟದ ಟೇಬಲ್ ಮೇಲೆ ಸುರಿದೆ. ಸೂಪರ್ ಮಾರ್ಕೆಟಿನ ಬಿಲ್ಲುಗಳು ಡ್ರಾಯರಿನಲ್ಲಿ ಕೂತು ಮಾಸಿಹೋಗಿದ್ದವು. ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಬೇಕಾಯ್ತು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬಾಲ್‌ಪೆನ್ನಿನ ಅಕ್ಷರ ಹಾಗೇ ಇತ್ತು, "ತೊ.ಬೇಳೆ 5, ಬೆಲ್ಲ 3, ಸೋಪು 1 ಡಜನ್." ಮೂರು ಗುಡ್ಡೆ ಮಾಡಿದೆ. ಇಲ್ಲೇ ಬೆಳೆದು ಇಲ್ಲಿಯವರೇ ಮಾರಿದ್ದು ಒಂದು. ಎಲ್ಲೋ ತಯಾರಾಗಿ ಇಲ್ಲಿಯವರು ಮಾರಿದ್ದು ಇನ್ನೊಂದು. ತಯಾರಿಸಿದವರೂ ಮಾರಿದವರೂ ಹೊರಗಿನವರೇ ಆದದ್ದು ಮೂರನೇದು.

ಮೊದಲನೇ ಗುಡ್ಡೆ ತೀರಾ ಚಿಕ್ಕದು. ಹಾಲು, ಕೋಳಿ, ತೆಂಗಿನಕಾಯಿ, ಬಾಳೆಹಣ್ಣು, ಸ್ವಲ್ಪ ತರಕಾರಿ. ಮಧ್ಯದ್ದು ದೊಡ್ಡದು. ನಾವು "ಲೋಕಲ್" ಅಂತ ಬೀಗುವುದೆಲ್ಲ ಈ ಮಧ್ಯದ ಗುಡ್ಡೆಯನ್ನೇ. ಅಂಗಡಿ ನಮ್ಮೂರಿನದು, ಸಾಮಾನು ಅಲ್ಲ. ನಮ್ಮ ಕಿರಾಣಿಯವರನ್ನೇ ಕೇಳಿದೆ, "ಅಣ್ಣ, ಈ ಸೋಪಲ್ಲಿ ನಿಮಗೆಷ್ಟು ಉಳಿಯುತ್ತೆ?"

"ಕಂಪನಿ ಸಾಮಾನಲ್ಲಿ ನೂರಕ್ಕೆ ಹತ್ತು ಸಿಕ್ಕರೆ ಪುಣ್ಯ ಅಕ್ಕ. ಬೇಳೆ, ಬೆಲ್ಲ ಬಿಡಿ ಮಾರಿದ್ರೆ ಸ್ವಲ್ಪ ಜಾಸ್ತಿ."

ಅಂದರೆ ಸೋಪಿನ ನೂರರಲ್ಲಿ ಊರಿಗೆ ಹತ್ತು. ಅದರಲ್ಲಿ ಅವರು ಐದನ್ನು ಇಲ್ಲೇ ಖರ್ಚು ಮಾಡಿದರೂ ನನ್ನ ಲೆಕ್ಕ 1.15 ದಾಟಲಿಲ್ಲ. ಉಳಿದ ತೊಂಬತ್ತು ಸುಮ್ನೆ ಮಾಯವಾಗುತ್ತೆ ಅಂತಲ್ಲ. ಕಚ್ಚಾ ಮಾಲು, ಕಾರ್ಖಾನೆ, ಲಾರಿ, ಜಾಹೀರಾತು, ತೆರಿಗೆ ಎಲ್ಲಾ ಅದರಲ್ಲೇ ಬರಬೇಕು. ಕಡೆಗೆ ಉಳಿದದ್ದು ಲಾಭ, ಅದು ಷೇರುದಾರರಿಗೆ. ಸ್ಯಾಶೆ ಕಾಫಿಯನ್ನೇ ತಗೊಳ್ಳಿ. ಬ್ರೂ ಹಿಂದೂಸ್ತಾನ್ ಯೂನಿಲಿವರ್‌ನದು, ನೆಸ್‌ಕೆಫೆ ನೆಸ್ಲೆಯದು. ಎರಡು ಕಂಪನಿಯಲ್ಲೂ ಶೇ 60ಕ್ಕಿಂತ ಹೆಚ್ಚು ಷೇರು ವಿದೇಶದ ಮೂಲ ಕಂಪನಿಯ ಕೈಯಲ್ಲಿದೆ. ಲಾಭದ ಪಾಲಾದ ಡಿವಿಡೆಂಡ್ ಅಲ್ಲದೆ, ಹೆಸರು, ತಂತ್ರಜ್ಞಾನ ಬಳಸೋದಕ್ಕೆ ಕೊಡೋ ರಾಯಲ್ಟಿ ಬೇರೆ. ನೆಸ್ಲೆ ಇಂಡಿಯಾ ತನ್ನ ಮಾರಾಟದ ಶೇ 4.5ರಷ್ಟನ್ನು ರಾಯಲ್ಟಿ ಅಂತ ಸ್ವಿಟ್ಜರ್ಲೆಂಡಿಗೆ ಕಳಿಸುತ್ತದೆ. 2024ರಲ್ಲಿ ಅದನ್ನು ಶೇ 5.25ಕ್ಕೆ ಏರಿಸಲು ಹೊರಟಾಗ ಉಳಿದ ಷೇರುದಾರರೇ ಮತ ಹಾಕಿ ತಡೆದರು. ದೊಡ್ಡ ಕಂಪನಿಯ ಸಂಪತ್ತು ಹೇಗೆ ಗುಡ್ಡೆಯಾಗುತ್ತೆ ಅನ್ನೋದು ನನಗೆ ಸ್ವಲ್ಪ ಅರ್ಥವಾದದ್ದು ಈ ಸುದ್ದಿ ಓದಿದಾಗಲೇ. ಹಾಗಂತ ಅವರನ್ನು ಬೈದು ಕೂರಲು ನನಗೆ ಮನಸ್ಸಿಲ್ಲ. ಇನ್‌ಸ್ಟಂಟ್ ಕಾಫಿ ಮಾಡೋರು ಬೆಳೆಗಾರರ ರೋಬಸ್ಟಾ ಜಾತಿಯ ಕಾಫಿಗೆ ದೊಡ್ಡ ಗಿರಾಕಿಗಳು. ನೆಸ್ಲೆಯ ನಂಜನಗೂಡಿನ ಕಾರ್ಖಾನೆಯಲ್ಲಿ ದುಡಿಯುವವರೂ ನಮ್ಮವರೇ. ಆದರೆ ನನ್ನ ರೂಮಿನ ಕಪ್ಪಿಗೆ ಅಷ್ಟು ದೂರದ ಸುತ್ತು ಬೇಕಿರಲಿಲ್ಲ, ಅಷ್ಟೇ.

ಮೊದಲು ಬದಲಾಯಿಸಿದ್ದು ಕಾಫಿ. ತೊಳೆದು ಒಣಗಿಸಿದ ತೋಟದ ಅರೇಬಿಕಾ ಪಾರ್ಚ್‌ಮೆಂಟನ್ನು ಸಿಪ್ಪೆ ತೆಗೆಸಿ, ಹಣ್ಣಾಗೇ ಒಣಗಿಸಿದ ಸ್ವಲ್ಪ ರೋಬಸ್ಟಾ ಚೆರಿಯ ಬೀಜ ಸೇರಿಸಿ ಚಿಕ್ಕಮಗಳೂರಿನ ಒಂದು ಪುಡಿ ಅಂಗಡಿಗೆ ಒಯ್ದೆ. ಹುರಿದು ಪುಡಿ ಮಾಡಿಕೊಡಲು ಕೂಲಿ ಕೊಟ್ಟರಾಯ್ತು. ಅಂಗಡಿಯ ಹಿಂದೆ ಡ್ರಮ್ ತಿರುಗುತ್ತಿರುತ್ತೆ. ಹಿರಿಯರೊಬ್ಬರು ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಅವರು ಗಡಿಯಾರ ನೋಡೋದಿಲ್ಲ. ಬೀಜ ಚಟಪಟ ಅನ್ನೋ ಸದ್ದು ಕೇಳಿಸಿಕೊಂಡು, ಸೌಟಿನಲ್ಲಿ ನಾಲ್ಕು ಬೀಜ ತೆಗೆದು, ಬಣ್ಣ ನೋಡಿ, ಒಂದನ್ನು ಉಗುರಲ್ಲಿ ಒತ್ತಿ ಒಡೆದು ನೋಡುತ್ತಾರೆ. ಸಾಕು ಅನಿಸಿದ ಕೂಡಲೇ ಟ್ರೇಗೆ ಸುರಿದು ಕೈಯಾಡಿಸುತ್ತಾರೆ. ಹತ್ತು ಕೆಜಿ ಕೊಟ್ಟರೆ ಎಂಟು, ಎಂಟೂವರೆ ವಾಪಸ್ ಬರುತ್ತೆ, ಹುರಿದಾಗ ತೂಕ ಇಳಿಯೋದು ಸಹಜ. ಗೊತ್ತಿಲ್ಲದವರು ಇದಕ್ಕೆ ಜಗಳ ತೆಗೆಯುತ್ತಾರಂತೆ.

"ಚಿಕೋರಿ ಎಷ್ಟು ಹಾಕ್ಲಿ ಅಮ್ಮಾ?" ಅಂತ ಕೇಳಿದರು. ಹಾಕಲೇಬೇಡಿ ಅಂದೆ. ನಮ್ಮ ಮನೆಯವರಿಗೆ ಅದು ಹಿಡಿಸಲಿಲ್ಲ. ಚಿಕೋರಿ ಇಲ್ಲದ ಡಿಕಾಕ್ಷನ್ ಅವರ ನಾಲಿಗೆಗೆ ತೆಳು. ಈಗ ಮನೆಗೆ ಬೇರೆ ಡಬ್ಬ, ಅತಿಥಿಗಳಿಗೆ ಬೇರೆ ಡಬ್ಬ. ಅಂದ ಹಾಗೆ, ಮಾರೋ ಪುಡಿಯಲ್ಲಿ ಚಿಕೋರಿ ಶೇ 49 ದಾಟುವಂತಿಲ್ಲ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಕೊಳ್ಳುವಾಗ ಒಂದು ಸಲ ತಿರುಗಿಸಿ ನೋಡಿ. ಚಿಕೋರಿ ಬೆಳೆಯೋದೂ ಹೆಚ್ಚಾಗಿ ಗುಜರಾತ್, ಉತ್ತರಪ್ರದೇಶದ ಕಡೆ. ಕಾಫಿ ನಾಡಿನ ಪುಡಿ ಅಂತ ಕೊಂಡರೂ ಹತ್ತಿರ ಹತ್ತಿರ ಅರ್ಧ ಪುಡಿ ಅಲ್ಲಿಯದೇ ಇರಬಹುದು.

ರೂಮಿಗೊಂದು ಫಿಲ್ಟರ್ ಇಟ್ಟದ್ದು ನಡೆಯಲಿಲ್ಲ. ಸಿಂಕ್ ತುಂಬಾ ಗಸಿ. ಈಗ ಅಡುಗೆಮನೆಯಲ್ಲೇ ಡಿಕಾಕ್ಷನ್ ಇಳಿಸಿ, ಬೆಳಿಗ್ಗೆ ಒಂದು ಫ್ಲಾಸ್ಕ್ ಡಿಕಾಕ್ಷನ್ನು, ಒಂದು ಫ್ಲಾಸ್ಕ್ ಬಿಸಿ ಹಾಲು ರೂಮಿನ ಬಾಗಿಲಲ್ಲಿ ಇಡುತ್ತೇವೆ. ಸ್ಯಾಶೆಗಿಂತ ಕೆಲಸ ಜಾಸ್ತಿ, ಅದಕ್ಕೆ ಒಬ್ಬ ಹುಡುಗಿಗೆ ಬೆಳಗಿನ ಕೆಲಸ ಕೊಟ್ಟಿದ್ದೇವೆ. ಅವಳ ಸಂಬಳವೂ ಊರಲ್ಲೇ ಉಳಿಯೋ ಲೆಕ್ಕ.

ತೋಟದ ಕೂಲಿಯ ಲೆಕ್ಕಕ್ಕೆ ಬಂದಾಗ ಮಾತ್ರ ಪೆನ್ನು ನಿಂತಿತು. ಈಗ ನಮ್ಮ ಕಡೆ ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ತೋಟದವರು ಕೊಟ್ಟ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಯಲ್ಲಿ ಇರುತ್ತಾರೆ, ಅಕ್ಕಿ, ಎಣ್ಣೆ ಇಲ್ಲೇ ತಗೋತಾರೆ, ಉಳಿಸಿದ್ದನ್ನು ಫೋನಿನಲ್ಲೇ ಮನೆಗೆ ಕಳಿಸುತ್ತಾರೆ. ಎಲ್‌ಎಂ3 ಪ್ರಕಾರ ಅದು ಊರಿನಿಂದ ಸೋರಿಹೋದ ದುಡ್ಡು. ಷೇರುದಾರರ ಲಾಭವನ್ನೂ, ಅಸ್ಸಾಮಿನ ಯಾವುದೋ ಹಳ್ಳಿಯ ಮಗುವಿನ ಫೀಸನ್ನೂ ಒಂದೇ ಕಾಲಮ್ಮಿಗೆ ಹಾಕಲು ನನಗೆ ಕೈ ಬರಲಿಲ್ಲ. ಹೊಸದೊಂದು ಕಾಲಂ ಎಳೆದೆ. ಅಕ್ಕನ ಮಗಳು ನಕ್ಕಳು, "ಚಿಕ್ಕಮ್ಮ, ಲೆಕ್ಕ ಕೆಡಿಸಿದ್ರಿ" ಅಂತ. ಕೆಡಲಿ ಬಿಡಿ. ದುಡಿದವರ ಕೈಗೆ ಹೋಯ್ತಾ ಅನ್ನೋದು ನನಗೆ ಊರಿನ ಗೆರೆಗಿಂತ ಮುಖ್ಯ.

ಆಮೇಲಿನದು ಅಕ್ಕಿ ಹಿಟ್ಟು, ಹಪ್ಪಳ, ಉಪ್ಪಿನಕಾಯಿ. ಪ್ಯಾಕೆಟ್ ಅಕ್ಕಿ ಹಿಟ್ಟು ಬಿಟ್ಟು ಫ್ಲೋರ್ ಮಿಲ್ಲಿನಲ್ಲಿ ಹಾಕಿಸಿದೆ. ಅಗ್ಗ, ರೊಟ್ಟಿಯೂ ಮೆತ್ತಗೆ. ಹಪ್ಪಳ, ಉಪ್ಪಿನಕಾಯಿಗೆ ಪಕ್ಕದೂರಿನ ಸ್ವಸಹಾಯ ಸಂಘದವರನ್ನು ಹಿಡಿದೆ. ಅವರಿಗೆ ಆಹಾರ ಸುರಕ್ಷತಾ ನೋಂದಣಿ ಇರಲಿಲ್ಲ, ಇಲ್ಲದೆ ಅತಿಥಿಗಳಿಗೆ ಮಾರೋದು ಸರಿಯಲ್ಲ. ಆಗ ಸಣ್ಣವರಿಗೆ ವರ್ಷಕ್ಕೆ ಬರೀ 100 ರೂಪಾಯಿ ಶುಲ್ಕ ಇತ್ತು. ಕೂತು ಅರ್ಜಿ ತುಂಬಿ ಮಾಡಿಸಿಕೊಟ್ಟೆ. ಅದಾದ ಮೇಲೆ ಬೇರೆ ಎರಡು ಹೋಮ್‌ಸ್ಟೇಯವರೂ ಅವರಿಂದ ತಗೊಳ್ಳಲು ಶುರು ಮಾಡಿದರು. ನಾನು ಕೊಂಡ ಹಪ್ಪಳಕ್ಕಿಂತ ಆ ಒಂದು ಕಾಗದವೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂತು.

ದುಡ್ಡು ಕೊಡೋ ವಿಷಯ ಇದೆಯಲ್ಲ, ಅದನ್ನು ಯಾರೂ ಮಾತಾಡೋದಿಲ್ಲ. ಮಾರ್ಟಿನಲ್ಲಿ ಕಾರ್ಡು ಉಜ್ಜಿ ಬರುತ್ತೇವೆ, ಊರಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಬರೆಸುತ್ತೇವೆ. ನೋಂದಣಿ ಇರುವ ಸಣ್ಣ ಉದ್ಯಮಗಳಿಂದ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಉಪ್ಪಿನಕಾಯಿ ಮಾಡೋ ಹೆಂಗಸರಿಗೆ 45 ದಿನ ಅಂದರೂ ಬಹಳ ಆಯ್ತು, ಮುಂದಿನ ಸಲಕ್ಕೆ ಎಣ್ಣೆ, ಉಪ್ಪು ತರಲು ಕೈಯಲ್ಲಿ ಏನೂ ಇರೋದಿಲ್ಲ. ಸಾಮಾನು ಬಂದ ದಿನವೇ ಫೋನ್‌ಪೇ ಮಾಡುತ್ತೇನೆ. ಕಿರಾಣಿಗೆ ವಾರಕ್ಕೊಮ್ಮೆ ಚುಕ್ತಾ.

ಎಲ್ಲವೂ ಬದಲಾಗಿಲ್ಲ. ಬಟ್ಟೆ ಪುಡಿ, ಟಾಯ್ಲೆಟ್ ಕ್ಲೀನರ್ ಈಗಲೂ ಮಾರ್ಟಿನಿಂದಲೇ ಬರುತ್ತೆ, ಆಫರ್ ಇದ್ದರೆ ಡಬಲ್ ತರುತ್ತೇನೆ. ಕೈಯಿಂದ ಮಾಡಿದ ಸೋಪು ಇಟ್ಟು ನೋಡಿದೆ. ಬೇಸಿಗೆಯಲ್ಲಿ ಅತಿಥಿಗಳು ಹೊಗಳಿದರು, ಆಷಾಢದ ಥಂಡಿಗೆ ಅದು ಡಬ್ಬಿಯಲ್ಲೇ ಲೋಳೆಯಾಯ್ತು.

ಎಲ್ಲಾ ಮುಗಿಸಿ ಮೂರನೇ ಗುಡ್ಡೆಗೆ ಕೈ ಹಾಕಿದಾಗ ಗೊತ್ತಾಯ್ತು, ಅಡುಗೆಮನೆಯದ್ದೆಲ್ಲ ಚಿಲ್ಲರೆ ಲೆಕ್ಕ. ದೊಡ್ಡ ದುಡ್ಡು ಹೋಗುತ್ತಿದ್ದದ್ದು ಬುಕಿಂಗ್ ಪೋರ್ಟಲ್‌ಗಳ ಕಮಿಷನ್ನಿಗೆ. ರೂಮಿನ ಬಾಡಿಗೆಯ ಹೆಚ್ಚುಕಡಿಮೆ ಐದನೇ ಒಂದು ಪಾಲು, ಅದರ ಮೇಲೆ ಶೇ 18 ಜಿಎಸ್‌ಟಿ. ವರ್ಷದ ಹಪ್ಪಳ, ಉಪ್ಪಿನಕಾಯಿ, ಸೋಪು ಎಲ್ಲ ಸೇರಿಸಿದರೂ ಒಂದು ಡಿಸೆಂಬರಿನ ಕಮಿಷನ್ನಿಗೆ ಸಮ ಬರಲಿಲ್ಲ. ಆ ಲೆಕ್ಕ ಮಾತ್ರ ಯಾರೂ "ಲೋಕಲ್" ಮಾತಿನಲ್ಲಿ ಎತ್ತೋದಿಲ್ಲ, ಯಾಕಂದರೆ ಅಲ್ಲಿ ಅಂಗಡಿ ಕಣ್ಣಿಗೆ ಕಾಣೋದಿಲ್ಲ.

ಪೋರ್ಟಲ್ ಬಿಟ್ಟುಬಿಡಿ ಅನ್ನೋದು ಸುಲಭ. ಹೊಸ ಅತಿಥಿಗಳು ನಮ್ಮನ್ನು ಹುಡುಕೋದೇ ಅಲ್ಲಿ. ಅಲ್ಲಿಗಿಂತ ಕಡಿಮೆ ದರಕ್ಕೆ ಬೇರೆ ಕಡೆ ಕೊಡಬಾರದು ಅನ್ನೋ ಷರತ್ತೂ ಈ ಉದ್ಯಮದಲ್ಲಿ ಇದೆ. ಇಂಥ ಷರತ್ತುಗಳೂ ಸೇರಿದ ಪ್ರಕರಣದಲ್ಲಿ 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223 ಕೋಟಿ, ಓಯೋಗೆ 168 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ನಾನು ದರಕ್ಕೆ ಕೈ ಹಚ್ಚಲಿಲ್ಲ. ಹೊರಡುವಾಗ ನಮ್ಮ ನಂಬರ್ ಇರುವ ಕಾರ್ಡು ಕೊಟ್ಟು, ಮುಂದಿನ ಸಲ ನೇರ ಫೋನ್ ಮಾಡಿ ಬಂದರೆ ಕಾಲು ಕೆಜಿ ಕಾಫಿ ಪುಡಿ, ಒಂದು ಪ್ಯಾಕೆಟ್ ಹಪ್ಪಳ ಅಂತ ಹೇಳುತ್ತೇನೆ. ಕಮಿಷನ್ನಿಗೆ ಹೋಲಿಸಿದರೆ ಅದರ ಖರ್ಚು ಏನೂ ಅಲ್ಲ, ಮತ್ತೆ ಆ ಖರ್ಚು ಪುಡಿ ಅಂಗಡಿಗೂ ಸಂಘದವರಿಗೂ ಸೇರುತ್ತೆ. ಮಳೆಗಾಲದಲ್ಲಿ ಬರೋರು ಹೆಚ್ಚಾಗಿ ಹಳೇ ಗಿರಾಕಿಗಳು, ಅವರಲ್ಲಿ ಬಹಳಷ್ಟು ಜನ ಈಗ ನೇರ ಫೋನ್ ಮಾಡುತ್ತಾರೆ. ಡಿಸೆಂಬರಿಗೆ, ಉದ್ದ ವೀಕೆಂಡುಗಳಿಗೆ ಪೋರ್ಟಲ್ ಇಲ್ಲದೆ ಆಗೋದಿಲ್ಲ.

ಈ ವರ್ಷ ಸಂಘದವರು ಉಪ್ಪಿನಕಾಯಿಗೆ ರೇಟು ಏರಿಸಿದ್ದಾರೆ. "ಎಣ್ಣೆ ರೇಟು ನೀವೇ ನೋಡಿ ಅಕ್ಕ" ಅಂದರು. ಸ್ವಲ್ಪ ಚೌಕಾಸಿ ಮಾಡಿದೆ, ಅವರು ಜಗ್ಗಲಿಲ್ಲ, ಕೊಟ್ಟೆ.